ಆಮದು ಸುಂಕ ಇಳಿದರೂ ಎಣ್ಣೆಯ ಬೆಲೆ ಏಕೆ ಇಳಿಯಲಿಲ್ಲ?

ಪ್ರಶ್ನೆ: ಶಿವಮೊಗ್ಗದ ಗೃಹಿಣಿ, ಡಿಸೆಂಬರ್ 2025

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಜನರ ಮನೆ. ಮದುವೆಯಾಗಿ ಬಂದ ವರ್ಷದಿಂದ ದಿನಸಿಯ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದಿದ್ದೇನೆ. ಅದು ನಮ್ಮ ಅತ್ತೆಯವರು ಕಲಿಸಿದ ಅಭ್ಯಾಸ. ಆ ಲೆಕ್ಕದ ಪ್ರಕಾರ 2024ರ ಆಗಸ್ಟ್‌ನಲ್ಲಿ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ಟಿಗೆ ನಾನು ಕೊಟ್ಟದ್ದು 118 ರೂಪಾಯಿ. ಅದೇ ವರ್ಷದ ದೀಪಾವಳಿಗೆ ಅದು 142 ಆಗಿತ್ತು, 2025ರ ಮೇ ತಿಂಗಳಿಗೆ 158. ಮೇ ಕೊನೆಯಲ್ಲಿ ಕೇಂದ್ರ ಸರ್ಕಾರ ಖಾದ್ಯ ತೈಲದ ಮೇಲಿನ ಆಮದು ಸುಂಕವನ್ನು ಇಳಿಸಿತೆಂಬ ಸುದ್ದಿ ಓದಿ, ಶ್ರಾವಣದ ಹಬ್ಬಗಳ ಹೊತ್ತಿಗಾದರೂ ಕರಿಯುವ ಎಣ್ಣೆ ಅಗ್ಗವಾಗುತ್ತದೆಂದು ಕಾದೆ. ಈ ತಿಂಗಳು ನಾನು ಕೊಟ್ಟದ್ದು 162.

ಸೆಪ್ಟೆಂಬರ್ 22ರಂದು ಜಿಎಸ್‌ಟಿ ಕಡಿಮೆಯಾದಾಗ ತುಪ್ಪ, ಸೋಪು, ಟೂತ್‌ಪೇಸ್ಟುಗಳ ಬೆಲೆ ಇಳಿದದ್ದು ನನ್ನ ನೋಟ್‌ಬುಕ್ಕಿನಲ್ಲೇ ಕಾಣುತ್ತದೆ. ಹಾಗಿದ್ದರೆ ಸುಂಕದ ಇಳಿಕೆ ಮಾತ್ರ ಎಲ್ಲಿ ಕರಗಿತು? ಅಂಗಡಿಯವರನ್ನು ಕೇಳಿದರೆ ಒಮ್ಮೆ ಹಡಗಿನ ಬಾಡಿಗೆ ಎನ್ನುತ್ತಾರೆ, ಇನ್ನೊಮ್ಮೆ ಡೀಸೆಲ್ ಎನ್ನುತ್ತಾರೆ, ಮತ್ತೊಮ್ಮೆ ಡಾಲರ್ ಎನ್ನುತ್ತಾರೆ. ಇವುಗಳಲ್ಲಿ ಯಾವುದು ಎಷ್ಟು ರೂಪಾಯಿಯ ಭಾರ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಇದರ ನಡುವೆ ಅಕ್ಟೋಬರ್ ತಿಂಗಳ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿದು ದಾಖಲೆಯಾಯಿತೆಂದು ಪತ್ರಿಕೆಯಲ್ಲಿ ಬಂದಿದೆ. ನನ್ನ ಲೆಕ್ಕ ತಪ್ಪೋ, ಅವರ ಲೆಕ್ಕ ತಪ್ಪೋ ತಿಳಿಯದಾಗಿದೆ. ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ: ಮಂಗಳೂರು, ಕಸ್ಟಮ್ಸ್ ಕ್ಲಿಯರಿಂಗ್ ಕೆಲಸದಲ್ಲಿರುವವರು

ನಮಸ್ಕಾರ ಮೇಡಂ. ಪಣಂಬೂರಿನ ಬಂದರಿಗೆ ಖಾದ್ಯ ತೈಲದ ಹಡಗುಗಳು ಬರುವುದನ್ನು ಹಲವು ವರ್ಷಗಳಿಂದ ಹತ್ತಿರದಿಂದ ನೋಡುತ್ತಿರುವುದರಿಂದ, ನಿಮ್ಮ ಪ್ರಶ್ನೆಯ ಸುಂಕ ಮತ್ತು ಸಾಗಣೆಯ ಭಾಗಕ್ಕೆ ಲೆಕ್ಕ ಸಮೇತ ಉತ್ತರಿಸಲು ಪ್ರಯತ್ನಿಸುತ್ತೇನೆ.

ನಮ್ಮ ದೇಶ ಬಳಸುವ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊರಗಿನಿಂದ ಬರುತ್ತದೆ. ತಾಳೆ ಎಣ್ಣೆ ಇಂಡೊನೇಷ್ಯಾ ಮತ್ತು ಮಲೇಷ್ಯಾದಿಂದ, ಸೋಯಾ ಎಣ್ಣೆ ಮುಖ್ಯವಾಗಿ ಅರ್ಜೆಂಟೀನಾ ಮತ್ತು ಬ್ರೆಜಿಲ್‌ನಿಂದ, ನೀವು ಬಳಸುವ ಸೂರ್ಯಕಾಂತಿ ಎಣ್ಣೆ ಬಹುಪಾಲು ರಷ್ಯಾ ಮತ್ತು ಉಕ್ರೇನ್‌ನಿಂದ. 2024ರ ಸೆಪ್ಟೆಂಬರ್ 14ರವರೆಗೆ ಕಚ್ಚಾ, ಅಂದರೆ ಇನ್ನೂ ಶುದ್ಧೀಕರಿಸದ, ಸೂರ್ಯಕಾಂತಿ ಎಣ್ಣೆಯ ಮೇಲೆ ಮೂಲ ಸುಂಕವೇ ಇರಲಿಲ್ಲ. ಕೃಷಿ ಮೂಲಸೌಕರ್ಯ ಸೆಸ್ ಮತ್ತು ಸುಂಕದ ಮೇಲೆಯೇ ಮತ್ತೆ ಬೀಳುವ ಸಮಾಜ ಕಲ್ಯಾಣ ಸರ್ಚಾರ್ಜ್ ಸೇರಿ ಶೇ 5.5 ಮಾತ್ರ ಬೀಳುತ್ತಿತ್ತು. ಅಂದು ಮೂಲ ಸುಂಕ ಶೇ 20 ಆಯಿತು, ಎಲ್ಲವೂ ಸೇರಿ ಶೇ 27.5. 2025ರ ಮೇ 30ರಂದು ಮೂಲ ಸುಂಕವನ್ನು ಶೇ 10ಕ್ಕೆ ಇಳಿಸಿದ್ದರಿಂದ ಒಟ್ಟು ಸುಂಕ ಶೇ 16.5ಕ್ಕೆ ಬಂತು. ಇಳಿಕೆಯ ನಂತರವೂ ಸುಂಕ ನಿಮ್ಮ 118 ರೂಪಾಯಿಯ ಕಾಲದ ಮೂರು ಪಟ್ಟು ಇದೆ ಎಂಬುದನ್ನು ಸುದ್ದಿಯ ತಲೆಬರಹ ಹೇಳುವುದಿಲ್ಲ.

ಈಗ ಒಂದು ಲೆಕ್ಕ ನೋಡೋಣ. ಇದು ವಿವರಣೆಗಾಗಿ ಊಹಿಸಿಕೊಂಡ ಬೆಲೆಯೇ ಹೊರತು ಯಾವುದೇ ಒಂದು ದಿನದ ಪೇಟೆ ದರವಲ್ಲ. ನಮ್ಮ ಬಂದರು ತಲುಪುವ ಹೊತ್ತಿಗೆ ಒಂದು ಟನ್ ಕಚ್ಚಾ ಎಣ್ಣೆಯ ಬೆಲೆ, ಹಡಗು ಬಾಡಿಗೆ ಮತ್ತು ವಿಮೆ ಸೇರಿ, 1,200 ಡಾಲರ್ ಎಂದೂ ಡಾಲರಿಗೆ 85 ರೂಪಾಯಿ ಎಂದೂ ಇಟ್ಟುಕೊಳ್ಳಿ. ಟನ್ನಿಗೆ 1,02,000 ರೂಪಾಯಿ ಆಗುತ್ತದೆ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುವುದರಿಂದ ಲೀಟರಿಗೆ ಸುಮಾರು 93 ರೂಪಾಯಿ. ಶೇ 27.5ರ ಸುಂಕದಲ್ಲಿ ಲೀಟರಿನ ಮೇಲೆ ಬೀಳುವ ಭಾರ 25.50 ರೂಪಾಯಿ, ಶೇ 16.5ರಲ್ಲಿ 15.30. ಉಳಿದದ್ದೆಲ್ಲ ಇದ್ದಂತೆಯೇ ಇದ್ದಿದ್ದರೆ ನಿಮಗೆ ಲೀಟರಿಗೆ ಹತ್ತು ರೂಪಾಯಿ ಉಳಿಯಬೇಕಿತ್ತು.

ಆದರೆ ಉಳಿದದ್ದು ಇದ್ದಂತೆ ಇರಲಿಲ್ಲ. ಅದೇ ಟನ್ನಿನ ಬೆಲೆ 1,300 ಡಾಲರ್ ಆಗಿ, ಡಾಲರ್ 90 ರೂಪಾಯಿಗೆ ಏರಿತೆಂದುಕೊಳ್ಳಿ. ಈ ತಿಂಗಳ ಆರಂಭದಲ್ಲಿ ಡಾಲರ್ 90 ರೂಪಾಯಿಯನ್ನು ದಾಟಿಯೂ ಆಗಿದೆ. ಆಗ ಇಳಿದ ಸುಂಕವನ್ನು ಸೇರಿಸಿದರೂ ಲೀಟರಿನ ವೆಚ್ಚ 124 ರೂಪಾಯಿ. ಹಳೆಯ ಬೆಲೆಗೆ ಶೇ 27.5ರ ಹಳೆಯ ಸುಂಕ ಸೇರಿದಾಗ ಅದು ಸುಮಾರು 118 ಇತ್ತು. ಸುಂಕ ಇಳಿದರೂ ಎಣ್ಣೆ ಆರು ರೂಪಾಯಿ ತುಟ್ಟಿಯಾಯಿತು. ಸುಂಕ ಇಳಿಸದೇ ಹೋಗಿದ್ದರೆ ಅದೇ ಲೀಟರಿಗೆ ಸುಮಾರು 136 ಆಗುತ್ತಿತ್ತು. ಆದ್ದರಿಂದ ಸುಂಕದ ಇಳಿಕೆ ಕರಗಿಹೋಗಲಿಲ್ಲ; ಅದು ಏರಿಕೆಯನ್ನು ತಡೆಹಿಡಿಯುವುದಕ್ಕೆ ಖರ್ಚಾಯಿತು. ತಡೆದ ಏರಿಕೆ ಯಾರ ನೋಟ್‌ಬುಕ್ಕಿನಲ್ಲೂ ಕಾಣುವುದಿಲ್ಲ. ಸುಂಕ ಶೇಕಡಾವಾರು ಇರುವುದರಿಂದ ಇನ್ನೊಂದು ಪರಿಣಾಮವೂ ಇದೆ. ಹೊರಗಿನ ಬೆಲೆ ಏರಿದಾಗ ಅದೇ ದರದ ಸುಂಕ ರೂಪಾಯಿಯಲ್ಲಿ ತಾನೂ ಏರುತ್ತದೆ, ಮತ್ತು ಅದರ ಮೇಲೆ ಶೇ 5ರ ಜಿಎಸ್‌ಟಿಯೂ ಬೀಳುತ್ತದೆ. ಸೆಪ್ಟೆಂಬರಿನ ಜಿಎಸ್‌ಟಿ ಬದಲಾವಣೆಯಲ್ಲಿ ತುಪ್ಪದ ದರ ಶೇ 12ರಿಂದ 5ಕ್ಕೆ ಇಳಿಯಿತು. ಖಾದ್ಯ ತೈಲ ಮೊದಲೇ ಶೇ 5ರಲ್ಲಿ ಇದ್ದುದರಿಂದ ಅದಕ್ಕೆ ಇಳಿಯಲು ಜಾಗವಿರಲಿಲ್ಲ.

ಹೊರಗಿನ ಬೆಲೆ ಏರುವ ಕಾರಣಗಳು ನಮ್ಮ ಕೈಯಲ್ಲಿಲ್ಲ. ಇಂಡೊನೇಷ್ಯಾ 2025ರಲ್ಲಿ ಡೀಸೆಲ್‌ಗೆ ಶೇ 40ರಷ್ಟು ತಾಳೆ ಎಣ್ಣೆಯ ಜೈವಿಕ ಇಂಧನ ಬೆರೆಸುವ ನಿಯಮ ತಂದಿತು. ಅಲ್ಲಿನ ಲಾರಿಗಳಿಗೆ ಹೋದ ಎಣ್ಣೆ ಇಲ್ಲಿನ ಬಾಣಲೆಗೆ ಬರುವುದಿಲ್ಲ, ಮತ್ತು ತಾಳೆ ಎಣ್ಣೆ ಬಿಗಿಯಾದರೆ ಸೋಯಾ, ಸೂರ್ಯಕಾಂತಿ ಎಣ್ಣೆಗಳೂ ಅದರ ಹಿಂದೆಯೇ ಏರುತ್ತವೆ. 2022ರ ಏಪ್ರಿಲ್ ಕೊನೆಯಲ್ಲಿ ಅದೇ ಇಂಡೊನೇಷ್ಯಾ ರಫ್ತನ್ನೇ ನಿಷೇಧಿಸಿ ಮೂರು ವಾರಗಳ ನಂತರ ತೆರವು ಮಾಡಿತ್ತು. ಉಕ್ರೇನ್ ಯುದ್ಧದಿಂದ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದ್ದ ಆ ತಿಂಗಳುಗಳಲ್ಲಿ ಎಣ್ಣೆಯ ಬೆಲೆ ಹೇಗಿತ್ತೆಂಬುದು ನಿಮ್ಮ ನೋಟ್‌ಬುಕ್ಕಿನಲ್ಲೂ ಖಂಡಿತ ಇರುತ್ತದೆ.

ಹಡಗಿನ ಬಾಡಿಗೆಯ ಮಾತು ಸುಳ್ಳಲ್ಲ, ಆದರೆ ಎಣ್ಣೆಯ ವಿಷಯದಲ್ಲಿ ಅದು ಚಿಕ್ಕ ಮಾತು. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾದ ಮೇಲೆ ಅನೇಕ ಹಡಗುಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕಾದ ತುದಿಯನ್ನು ಸುತ್ತಿ ಬರತೊಡಗಿದವು. ಪ್ರಯಾಣ ಸುಮಾರು ಎರಡು ವಾರ ಉದ್ದವಾಯಿತು. ಟನ್ನಿಗೆ 20 ಡಾಲರ್ ಬಾಡಿಗೆ ಹೆಚ್ಚಾಯಿತೆಂದರೂ, ಸುಂಕ ಸೇರಿ ಲೀಟರಿಗೆ ಬೀಳುವುದು ಎರಡು ರೂಪಾಯಿಗಿಂತ ಸ್ವಲ್ಪ ಕಡಿಮೆ. ಡೀಸೆಲ್ ಇನ್ನೂ ಚಿಕ್ಕದು. 2025ರ ಏಪ್ರಿಲ್ 1ರಿಂದ ನಮ್ಮ ರಾಜ್ಯದಲ್ಲಿ ಡೀಸೆಲ್ ಲೀಟರಿಗೆ ಎರಡು ರೂಪಾಯಿ ಹೆಚ್ಚಾಯಿತು. ಆಗುಂಬೆಯಲ್ಲಿ ಭಾರಿ ಲಾರಿಗಳಿಗೆ ಅವಕಾಶವಿಲ್ಲದ್ದರಿಂದ ಸುತ್ತಿ ಬರುವ ದಾರಿಯನ್ನು 300 ಕಿಲೋಮೀಟರ್ ಎಂದು ಹಿಡಿದರೂ, 16 ಟನ್ ಹೊತ್ತ ಲಾರಿಗೆ ಹೆಚ್ಚುವರಿ ಖರ್ಚು 150 ರೂಪಾಯಿ. ಕಿಲೋ ಎಣ್ಣೆಗೆ ಅದು ಒಂದು ಪೈಸೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಲಾರಿಗಳು ದಿನಗಟ್ಟಲೆ ನಿಂತಾಗ ಆಗುವ ನಷ್ಟ ಇದಕ್ಕಿಂತ ದೊಡ್ಡದು. ಸೊಪ್ಪು, ಟೊಮೆಟೊದಂತಹ ಬೇಗ ಬಾಡುವ, ಕಿಲೋಗೆ ಕಡಿಮೆ ಬೆಲೆಯ ಸರಕಿನಲ್ಲಿ ಸಾಗಣೆಯ ಪಾಲು ನಿಜವಾಗಿಯೂ ಹೆಚ್ಚು; ಎಣ್ಣೆಯಲ್ಲಿ ಅದು ಬೆಲೆ ಏರಿಕೆಗೆ ಮುಖ್ಯ ಕಾರಣವಾಗಲಾರದು.

ಇನ್ನೊಂದು ಸಂಗತಿ ಹೊರಗಿನವರಿಗೆ ಅಷ್ಟಾಗಿ ತಿಳಿದಿರುವುದಿಲ್ಲ. ಆಮದಾದ ಎಣ್ಣೆಯನ್ನು ಸುಂಕ ಕಟ್ಟದೆ ಬಾಂಡೆಡ್ ಟ್ಯಾಂಕುಗಳಲ್ಲಿ ಇಡಲು ಕಾನೂನಿನಲ್ಲಿ ಅವಕಾಶವಿದೆ, ಮತ್ತು ಅಲ್ಲಿಂದ ಬಿಡಿಸಿಕೊಳ್ಳುವ ದಿನದ ಸುಂಕದ ದರವೇ ಅನ್ವಯಿಸುತ್ತದೆ. ಸುಂಕ ಇಳಿಯಬಹುದೆಂಬ ನಿರೀಕ್ಷೆಯಿದ್ದರೆ ಆಮದುದಾರರು ಬಿಡಿಸುವುದನ್ನು ಮುಂದೂಡುತ್ತಾರೆ, ಏರಬಹುದೆಂದು ಅನಿಸಿದರೆ ಸರಕು ಬಿಡಿಸಿಕೊಳ್ಳಲು ಸಲ್ಲಿಸುವ ಬಿಲ್ ಆಫ್ ಎಂಟ್ರಿಗಳು ಒಮ್ಮೆಲೇ ಮೇಜಿನ ಮೇಲೆ ರಾಶಿ ಬೀಳುತ್ತವೆ. ಪೇಟೆಗೆ ಬರುವ ಸರಕು ಹೀಗೆ ಕೃತಕವಾಗಿ ಹೆಚ್ಚುಕಡಿಮೆ ಆಗುವುದೂ ಬೆಲೆಯ ಮೇಲೆ ಪರಿಣಾಮ ಬೀರುತ್ತದೆ.

ಉತ್ತರ: ಧಾರವಾಡ, ಅರ್ಥಶಾಸ್ತ್ರ ಅಧ್ಯಾಪಕರು

ಮಂಗಳೂರಿನವರು ಅರ್ಧಕ್ಕಿಂತ ಹೆಚ್ಚು ಹೇಳಿದ್ದಾರೆ. ನಾನು ಹಣದುಬ್ಬರದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಸಹೋದರಿಯವರೇ, ನಿಮ್ಮ ಲೆಕ್ಕವೂ ತಪ್ಪಿಲ್ಲ, ಪತ್ರಿಕೆಯ ಅಂಕಿಯೂ ತಪ್ಪಿಲ್ಲ. ಅವೆರಡೂ ಬೇರೆ ಬೇರೆ ವಸ್ತುಗಳನ್ನು ಅಳೆಯುತ್ತಿವೆ.

ನಿಮ್ಮ ನೋಟ್‌ಬುಕ್ಕು ಬೆಲೆಯ ಮಟ್ಟವನ್ನು ಹೇಳುತ್ತದೆ. ಹಣದುಬ್ಬರದ ದರ ಹೇಳುವುದು ಕಳೆದ ವರ್ಷದ ಇದೇ ತಿಂಗಳಿಗಿಂತ ಆ ಮಟ್ಟ ಎಷ್ಟು ಬದಲಾಯಿತು ಎಂಬುದನ್ನು ಮಾತ್ರ. 118 ರೂಪಾಯಿಯ ಎಣ್ಣೆ ಒಂದು ವರ್ಷದಲ್ಲಿ 158 ಆದರೆ ಏರಿಕೆ ಸುಮಾರು ಶೇ 34. ಮುಂದಿನ ವರ್ಷವೂ ಅದು 158ರಲ್ಲೇ ನಿಂತರೆ ಎಣ್ಣೆಯ ಹಣದುಬ್ಬರ ಶೂನ್ಯ. ಆದರೆ ನೀವು ಪ್ರತಿ ಪ್ಯಾಕೆಟ್ಟಿಗೂ ಹೆಚ್ಚುವರಿ 40 ರೂಪಾಯಿ ಕೊಡುವುದು ನಿಲ್ಲುವುದಿಲ್ಲ. ಹಣದುಬ್ಬರ ಇಳಿಯಿತೆಂದರೆ ಬೆಲೆ ಇಳಿಯಿತೆಂದಲ್ಲ, ಏರುವ ವೇಗ ಇಳಿಯಿತೆಂದು. ಪ್ರತಿ ವರ್ಷ ತರಗತಿಯಲ್ಲಿ ಈ ಒಂದು ಮಾತನ್ನು ಮನದಟ್ಟು ಮಾಡಿಸಲು ನಾನು ಒಂದು ಇಡೀ ವಾರ ಕಳೆಯುತ್ತೇನೆ, ಏಕೆಂದರೆ ಸಂಬಳ ಏರದ ಮನೆಯಲ್ಲಿ ಜನರು ಅನುಭವಿಸುವುದು ಮಟ್ಟವನ್ನೇ ಹೊರತು ವೇಗವನ್ನಲ್ಲ.

2024ರ ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 6.21 ಇತ್ತು, ಮುಖ್ಯವಾಗಿ ತರಕಾರಿಯಿಂದಾಗಿ. ಆ ಎತ್ತರದಿಂದ ಅಳೆದಾಗ 2025ರ ಅಕ್ಟೋಬರ್‌ನ ತರಕಾರಿ ಮತ್ತು ಬೇಳೆಗಳು ತೀರಾ ಅಗ್ಗವಾಗಿ ಕಂಡವು, ಜೊತೆಗೆ ಜಿಎಸ್‌ಟಿ ಇಳಿಕೆಯೂ ಸೇರಿತು. ಹೀಗಾಗಿ ಶೇ 0.25. ಆ ಸರಾಸರಿಯ ಒಳಗೆ ಎಣ್ಣೆ ಮತ್ತು ಕೊಬ್ಬಿನ ಗುಂಪು ಮಾತ್ರ ಎರಡಂಕಿಯ ದರದಲ್ಲಿ ಏರುತ್ತಲೇ ಇತ್ತು. ಆ ಅಂಕಿಯನ್ನು ಲೆಕ್ಕ ಹಾಕಿದ ಬೆಲೆ ಸೂಚ್ಯಂಕದಲ್ಲಿ ಆ ಗುಂಪಿನ ಪಾಲು ಶೇ 3.56, ತರಕಾರಿಯ ಪಾಲು ಶೇ 6.04 ಇತ್ತು. ಈ ಪಾಲುಗಳನ್ನು 2011–12ರ ಕುಟುಂಬ ವೆಚ್ಚದ ಸಮೀಕ್ಷೆಯಿಂದ ನಿರ್ಧರಿಸಲಾಗಿತ್ತು. ಇಡೀ ದೇಶದ ಸರಾಸರಿ ಬುಟ್ಟಿ ನಿಮ್ಮ ಮನೆಯ ಬುಟ್ಟಿಯಲ್ಲ. ಹಿತ್ತಿಲಿನಲ್ಲಿ ತರಕಾರಿ ಬೆಳೆದು ಎಣ್ಣೆಯನ್ನಷ್ಟೇ ಕೊಳ್ಳುವ ಮನೆಗೆ ಆ ಶೇ 0.25ರಿಂದ ಯಾವ ಸಮಾಧಾನವೂ ಸಿಗುವುದಿಲ್ಲ.

ಸುಂಕ ಏರಿದ್ದು 2024ರ ಸೆಪ್ಟೆಂಬರ್ ಮಧ್ಯದಲ್ಲಿ. ಆ ಏರಿಕೆಗೆ ಒಂದು ವರ್ಷ ತುಂಬಿದೊಡನೆ ಹೋಲಿಕೆಯ ತಳವೇ ಎತ್ತರವಾಗಿ, 2025ರ ಅಕ್ಟೋಬರ್‌ನಿಂದ ಎಣ್ಣೆಯ ಹಣದುಬ್ಬರ ತಾನಾಗಿಯೇ ಇಳಿದಂತೆ ತೋರುತ್ತದೆ. ಮುಂದಿನ ತಿಂಗಳುಗಳಲ್ಲಿ ಎಣ್ಣೆಯ ಹಣದುಬ್ಬರ ನಿಯಂತ್ರಣಕ್ಕೆ ಬಂತೆಂಬ ವರದಿ ಬಂದರೆ, ದಯವಿಟ್ಟು ಮೊದಲು ನಿಮ್ಮ ನೋಟ್‌ಬುಕ್ಕನ್ನು ತೆರೆದು ನೋಡಿ.

ಉತ್ತರ: ದಾವಣಗೆರೆ, ದಿನಸಿ ವ್ಯಾಪಾರಿ

ಅಂಗಡಿಯವರ ಮೇಲೆ ಸಂಶಯ ಬರುವುದು ಸಹಜ, ಅಮ್ಮ. ನಾನು ಮೂವತ್ತು ವರ್ಷಗಳಿಂದ ಅಂಗಡಿ ನಡೆಸುತ್ತಿರುವವನು. ನಮ್ಮ ಕಡೆಯ ಮಾತನ್ನೂ ತಪ್ಪನ್ನೂ ಎರಡನ್ನೂ ಹೇಳುತ್ತೇನೆ.

ಬೆಲೆ ಏರುವಾಗ ಒಂದು ವಾರದಲ್ಲಿ ಏರುತ್ತದೆ, ಇಳಿಯುವಾಗ ಎರಡು ತಿಂಗಳು ಹಿಡಿಯುತ್ತದೆ. ನಾಳೆ ತರುವ ಮಾಲಿಗೆ ಹೆಚ್ಚು ಹಣ ಬೇಕೆಂದು ಗೊತ್ತಾದ ವ್ಯಾಪಾರಿ ಇಂದಿನ ಮಾಲನ್ನು ಹಳೆಯ ದರಕ್ಕೆ ಕೊಡಲು ಹಿಂಜರಿಯುತ್ತಾನೆ. ಇಳಿಯುವಾಗ ಹೆಚ್ಚಿನ ದರಕ್ಕೆ ತಂದಿಟ್ಟ ಮಾಲು ಮುಗಿಯಲಿ ಎನ್ನುತ್ತಾನೆ. 2024ರ ಸೆಪ್ಟೆಂಬರ್‌ನಲ್ಲಿ ಸುಂಕ ಏರಿದಾಗ ಕಡಿಮೆ ಸುಂಕದಲ್ಲಿ ಬಂದ ಸುಮಾರು 30 ಲಕ್ಷ ಟನ್ ಎಣ್ಣೆ ದೇಶದಲ್ಲಿದೆ, 45ರಿಂದ 50 ದಿನಗಳಿಗೆ ಸಾಕು, ಅದು ಮುಗಿಯುವವರೆಗೆ ಬೆಲೆ ಏರಿಸಬೇಡಿ ಎಂದು ಕೇಂದ್ರದ ಆಹಾರ ಇಲಾಖೆ ಉದ್ಯಮದವರಿಗೆ ಹೇಳಿತ್ತು. ಆದರೆ ದಸರೆಗೆ ಮೊದಲೇ ವಿತರಕರಿಂದ ಹೊಸ ದರದ ಪಟ್ಟಿ ನನ್ನ ಕೈಗೆ ಬಂದಿತ್ತು. 2025ರ ಜೂನ್‌ನಲ್ಲಿ ಸುಂಕ ಇಳಿಕೆಯ ಲಾಭವನ್ನು ಕೂಡಲೇ ಗ್ರಾಹಕರಿಗೆ ದಾಟಿಸಿ ಎಂದು ಅದೇ ಇಲಾಖೆ ಹೇಳಿತು. ಆಗ ಪಟ್ಟಿ ಬರಲಿಲ್ಲ. ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ಎದುರಿಗೆ ನಿಂತು ಗ್ರಾಹಕರ ಮುಖ ನೋಡಬೇಕಾದವರು ನಾವು.

ನಿಮ್ಮಲ್ಲಿ ಒಂದು ವಿನಂತಿ. ನೀವು ಬರೆದಿಟ್ಟಿರುವುದು ಪ್ಯಾಕೆಟ್ಟಿನ ಬೆಲೆ. ಆ ಪ್ಯಾಕೆಟ್ಟಿನ ಮೇಲೆ ಎಷ್ಟು ಗ್ರಾಂ ಎಂದು ಇದೆ, ನೋಡಿದ್ದೀರಾ? ಎಣ್ಣೆಯನ್ನು ಇಂತಿಷ್ಟೇ ಅಳತೆಯಲ್ಲಿ ತುಂಬಬೇಕೆಂಬ ಹಳೆಯ ನಿಯಮ 2022ರ ಕೊನೆಗೆ ಹೋಯಿತು. ಅಲ್ಲಿಂದೀಚೆಗೆ 910 ಗ್ರಾಂ ಪ್ಯಾಕೆಟ್ಟಿನ ಪಕ್ಕದಲ್ಲೇ ನೋಡಲು ಹಾಗೆಯೇ ಕಾಣುವ 850, 800, 750 ಗ್ರಾಂ ಪ್ಯಾಕೆಟ್ಟುಗಳೂ ಬಂದಿವೆ. ಗ್ರಾಂಗೆ ಅಥವಾ ಮಿಲಿ ಲೀಟರಿಗೆ ಎಷ್ಟು ಪೈಸೆ ಎಂಬುದನ್ನೂ ಈಗ ಪ್ಯಾಕೆಟ್ಟಿನ ಮೇಲೆ ಮುದ್ರಿಸಬೇಕೆಂಬ ನಿಯಮವಿದೆ. ಎಂಆರ್‌ಪಿಯ ಹತ್ತಿರ ಸಣ್ಣ ಅಕ್ಷರದಲ್ಲಿರುವ ಆ ಅಂಕಿಯನ್ನೇ ಹೋಲಿಸಿ ಕೊಳ್ಳಿ.

ಉತ್ತರ: ನ್ಯೂಜೆರ್ಸಿಯಿಂದ ಒಬ್ಬ ಕನ್ನಡಿಗ

ಸುಂಕವನ್ನು ಕಟ್ಟುವವರು ಯಾರೆಂಬ ಬಗ್ಗೆ ಒಂದು ಸಣ್ಣ ಸೇರ್ಪಡೆ. 2025ರ ಆಗಸ್ಟ್ 27ರಿಂದ ಭಾರತದ ಹೆಚ್ಚಿನ ಸರಕುಗಳ ಮೇಲೆ ಅಮೆರಿಕ ಶೇ 50ರ ಸುಂಕ ಹಾಕಿದಾಗ, ಅದನ್ನು ಭಾರತ ಕಟ್ಟುತ್ತದೆ ಎಂದು ಇಲ್ಲಿ ಅನೇಕರು ನಂಬಿದ್ದರು. ಕಟ್ಟಿದ್ದು ಇಲ್ಲಿನ ಆಮದುದಾರರು. ಅದರಲ್ಲಿ ಎಷ್ಟನ್ನು ಅಲ್ಲಿನ ಗಿರಣಿಯವರು ದರ ಇಳಿಸಿ ಹೊರುತ್ತಾರೆ, ಎಷ್ಟು ಅಂಗಡಿಯ ಸೋನಾ ಮಸೂರಿ ಚೀಲದ ಮೇಲೆ ಬರುತ್ತದೆ ಎಂಬುದು, ಕೊಳ್ಳುವವನಿಗೆ ಬೇರೆ ದಾರಿ ಇದೆಯೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ನಮ್ಮ ಮನೆಯಲ್ಲಿ ಅನ್ನಕ್ಕೆ ಬೇರೆ ಅಕ್ಕಿ ಒಗ್ಗುವುದಿಲ್ಲ, ಹಾಗಾಗಿ ನಾವೇ ಹೊತ್ತೆವು. ನವೆಂಬರ್ ಮಧ್ಯದಲ್ಲಿ ಕಾಫಿ, ಚಹಾ, ಸಂಬಾರ ಪದಾರ್ಥಗಳಿಗೆ ವಿನಾಯಿತಿ ಕೊಟ್ಟರು. ಅಮೆರಿಕದಲ್ಲಿ ಹೆಚ್ಚಾಗಿ ಬೆಳೆಯದ ಪದಾರ್ಥದ ಮೇಲೆ ಸುಂಕ ಹಾಕಿದರೆ ಅದು ಸ್ಥಳೀಯ ರೈತನನ್ನು ಕಾಯುವುದಿಲ್ಲ, ಅಡುಗೆಮನೆಗೆ ಮಾತ್ರ ಭಾರವಾಗುತ್ತದೆ ಎಂಬುದು ಅಷ್ಟರಲ್ಲಿ ಅವರಿಗೂ ಅರಿವಾಗಿರಬೇಕು.

ಉತ್ತರ: ಚಳ್ಳಕೆರೆ ತಾಲ್ಲೂಕಿನ ಶೇಂಗಾ ಬೆಳೆಗಾರ

ನ್ಯೂಜೆರ್ಸಿಯವರು ರೈತನ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿಯವರೆಗಿನ ಚರ್ಚೆಯಲ್ಲಿ ಸುಂಕವೆಂದರೆ ಗ್ರಾಹಕರ ಮೇಲಿನ ಹೊರೆ ಎಂಬ ಒಂದೇ ಮುಖ ಬಂದಿದೆ. ಎಣ್ಣೆಕಾಳು ನಮ್ಮ ನೆಲದಲ್ಲಿ ಬೆಳೆಯುವ ಬೆಳೆ.

ನಮ್ಮ ಚಳ್ಳಕೆರೆಯನ್ನು ಎಣ್ಣೆಯ ನಗರವೆಂದು ಕರೆಯುತ್ತಿದ್ದರು. ಊರಿಗೆ ಕಾಲಿಟ್ಟರೆ ಗಿರಣಿಗಳ ಸದ್ದು, ಹಿಂಡಿಯ ವಾಸನೆ. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಆರಂಭಿಸಿದ ಮೇಲೆ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದೇಶ ಖಾದ್ಯ ತೈಲದಲ್ಲಿ ಹೆಚ್ಚುಕಡಿಮೆ ಸ್ವಾವಲಂಬಿಯಾಗಿತ್ತು. 1994ರ ನಂತರ ಆಮದಿಗೆ ಬಾಗಿಲು ತೆರೆದು, ಸುಂಕವನ್ನೂ ಹಂತಹಂತವಾಗಿ ಇಳಿಸುತ್ತ ಹೋದಂತೆ ಪಾಮೋಲಿನ್ ಎಲ್ಲ ಕಡೆ ಹರಡಿತು, ನಮ್ಮ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮ ತಂದೆಯವರು ಶೇಂಗಾ ಹಾಕುತ್ತಿದ್ದ ಗಿರಣಿಯ ಜಾಗದಲ್ಲಿ ಈಗ ಗೋದಾಮು ಇದೆ.

2024ರ ಸೆಪ್ಟೆಂಬರ್‌ನಲ್ಲಿ ಸುಂಕ ಏರಿಸಿದ್ದಕ್ಕೆ ಕಾರಣವೂ ಇತ್ತು. ಆಗ ಸೋಯಾಬೀನ್ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ. ಪೇಟೆಯಲ್ಲಿ ಅದಕ್ಕಿಂತ ಕಡಿಮೆಗೆ ಮಾರಬೇಕಾಗಿತ್ತು. ಸೂರ್ಯಕಾಂತಿ ಬೆಳೆಯುವುದರಲ್ಲಿ ಕರ್ನಾಟಕವೇ ದೇಶಕ್ಕೆ ಮುಂದು, ಆದರೂ ಅದರ ಎಣ್ಣೆ ಕಪ್ಪು ಸಮುದ್ರದಿಂದ ಬರುತ್ತದೆ. ಬಿತ್ತನೆಗೆ ಸರಿಯಾಗಿ ಮೇ ಕೊನೆಯಲ್ಲಿ ಸುಂಕ ಇಳಿದಾಗ ಏನು ಬಿತ್ತಬೇಕೆಂದು ನಾವು ಮತ್ತೆ ಯೋಚಿಸಬೇಕಾಯಿತು, ಏಕೆಂದರೆ ಮೆಕ್ಕೆಜೋಳ ಹಾಕುವುದೋ ಶೇಂಗಾ ಹಾಕುವುದೋ ಎಂಬ ನಿರ್ಧಾರ ನಾಲ್ಕು ತಿಂಗಳ ನಂತರದ ಬೆಲೆಯ ಮೇಲೆ ನಿಂತಿರುತ್ತದೆ. ನಮಗೆ ಬೇಕಾದದ್ದು ಹೆಚ್ಚು ಸುಂಕವಲ್ಲ. ಬಿತ್ತುವಾಗ ಇದ್ದ ಸುಂಕ ಕೊಯ್ಲಿಗೂ ಇರುತ್ತದೆ ಎಂಬ ಭರವಸೆ. ನಗರದ ಅಡುಗೆಮನೆಗೆ ತೊಂದರೆಯಾಗಬಾರದೆಂಬುದು ನ್ಯಾಯ. ಆದರೆ ಆ ತೊಂದರೆಯನ್ನು ತಪ್ಪಿಸುವ ಖರ್ಚು ಪ್ರತಿ ಸಲವೂ ಮಳೆ ನಂಬಿದ ಹೊಲದ ಮೇಲೆಯೇ ಬೀಳುವುದು ನ್ಯಾಯವಲ್ಲ.

ಮತ್ತೆ ಶಿವಮೊಗ್ಗದಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ದಾವಣಗೆರೆಯವರ ಮಾತು ಓದಿದೊಡನೆ ಅಡುಗೆಮನೆಗೆ ಹೋಗಿ ಪ್ಯಾಕೆಟ್ಟನ್ನು ನೋಡಿದೆ. 850 ಗ್ರಾಂ. ಹಳೆಯ ಪ್ಯಾಕೆಟ್ಟಿನಲ್ಲಿ 910 ಇದ್ದದ್ದು ನನಗೆ ನೆನಪಿದೆ, ಏಕೆಂದರೆ ಲೀಟರ್ ಎಂದರೆ ಕಿಲೋ ಏಕಲ್ಲ ಎಂದು ಮಗನಿಗೆ ಅದನ್ನೇ ತೋರಿಸಿ ವಿವರಿಸಿದ್ದೆ. ಹಾಗಾದರೆ ನನ್ನ 162 ರೂಪಾಯಿ ಹಳೆಯ ಅಳತೆಯಲ್ಲಿ 173 ಆಗುತ್ತದೆ. ಇಂದಿನಿಂದ ನೋಟ್‌ಬುಕ್ಕಿನಲ್ಲಿ ಗ್ರಾಂ ಬರೆಯಲು ಒಂದು ಹೊಸ ಅಂಕಣ ಹಾಕಿದ್ದೇನೆ.

ಚಳ್ಳಕೆರೆಯ ಅಣ್ಣನವರಲ್ಲಿ ಒಂದು ಪ್ರಶ್ನೆ. ತಿಂಗಳಿಗೆ ಒಂದೆರಡು ಲೀಟರನ್ನಾದರೂ ಶೇಂಗಾ ಎಣ್ಣೆಗೆ ಬದಲಿಸಬೇಕೆಂದು ಮನಸ್ಸಾಗಿದೆ. ನಿಮ್ಮ ಬೆಳೆಗೆ ನ್ಯಾಯವಾದ ಬೆಲೆ ಸಿಕ್ಕರೆ ಆ ಎಣ್ಣೆ ಎಷ್ಟಕ್ಕೆ ಬೀಳುತ್ತದೆ?

ಉತ್ತರ: ಚಳ್ಳಕೆರೆ ತಾಲ್ಲೂಕಿನ ಶೇಂಗಾ ಬೆಳೆಗಾರ

ಕೇಳಿದ್ದಕ್ಕೆ ಸಂತೋಷ ಅಕ್ಕ. 2025–26ರ ಬೆಂಬಲ ಬೆಲೆ ಕ್ವಿಂಟಲ್ ಶೇಂಗಾಕಾಯಿಗೆ 7,263 ರೂಪಾಯಿ. ಒಂದು ಕ್ವಿಂಟಲ್ ಕಾಯಿ ಸುಲಿದರೆ ಸುಮಾರು 70 ಕಿಲೋ ಬೀಜ, ಅದನ್ನು ಗಿರಣಿಗೆ ಹಾಕಿದರೆ ಸುಮಾರು 28 ಕಿಲೋ ಎಣ್ಣೆ; ಗಾಣದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಕಾಯಿಯ ಬೆಲೆಯೊಂದನ್ನೇ ಹಿಡಿದರೂ ಕಿಲೋಗೆ 259, ಲೀಟರಿಗೆ 236 ರೂಪಾಯಿ ಆಗುತ್ತದೆ. ಹಿಂಡಿ ಮಾರಿ ಬಂದ ಹಣದಿಂದ ಸುಲಿಸುವ, ಆಡಿಸುವ ಕೂಲಿ ಹೊಂದಿಸಿದ ಮೇಲೂ ಒಂದಿಷ್ಟು ಉಳಿದರೆ ಅಷ್ಟು ಇಳಿಸಬಹುದು. ಇದಕ್ಕಿಂತ ತೀರಾ ಕಡಿಮೆಗೆ ಯಾರಾದರೂ ಶುದ್ಧ ಶೇಂಗಾ ಎಣ್ಣೆ ಎಂದು ಕೊಟ್ಟರೆ, ಒಂದೋ ಅದರಲ್ಲಿ ಬೇರೆ ಎಣ್ಣೆ ಬೆರೆತಿರುತ್ತದೆ, ಇಲ್ಲವೇ ಬೆಳೆದವನಿಗೆ ಬೆಂಬಲ ಬೆಲೆ ಸಿಕ್ಕಿರುವುದಿಲ್ಲ.